ಅತ್ತವರಿಗೆ ಫೋನಿಲ್ಲ

ಶಿರಸಿಯ ಬಸ್‌ಸ್ಟ್ಯಾಂಡಿನ ಮುಂದೆ ಗಾಡಿಯವನು ಅನಾನಸು ಹೆಚ್ಚುವುದು ಕಂಡರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ಹಣ್ಣು ತಾಜಾ ಇರಬಹುದು, ನನ್ನ ಮೂಗಿಗೆ ಮಾತ್ರ ಬನವಾಸಿ ಕಡೆಯ ನಮ್ಮ ಅಂಗಳದಲ್ಲಿ ರಾಶಿಬಿದ್ದು ಕೊಳೆಯುತ್ತಿದ್ದ ಹಣ್ಣಿನ ಹುಳಿ ವಾಸನೆಯೇ ಬರುತ್ತದೆ. ಕೊರೋನಾದ ಎರಡನೇ ಬೇಸಿಗೆ ಅದು. ಹಣ್ಣು ಒಯ್ಯುವ ಲಾರಿ ಬರುವುದು ನಿಂತಿತ್ತು. ಆ ಬೇಸಿಗೆ ನಿಮ್ಮ ಮನೆಯಿಂದಲೂ ಯಾರನ್ನಾದರೂ ಒಯ್ದಿರಬಹುದು. ನಮ್ಮಲ್ಲಿ ಅಜ್ಜಿ, ಅಪ್ಪ, ಅವ್ವ, ಕಾಕಾ, ಕಾಕಿ ಐವರನ್ನೂ ಒಂದೇ ಬೆಳಿಗ್ಗೆ ಆಸ್ಪತ್ರೆಗೆ ಒಯ್ದರು. ಉಳಿದವರು ಮಕ್ಕಳು: ಹದಿನಾಲ್ಕರ ನಾನು, ಕಾಕಾನ ಮಕ್ಕಳಾದ ಮಲ್ಲು ಮತ್ತು ವೀರು, ನನ್ನ ಆರು ವರ್ಷದ ತಂಗಿ ಪವಿ. ಪಕ್ಕದ ಮನೆಯ ಗೌರವ್ವ ದಿನಾ ರೊಟ್ಟಿ ತಂದು ಗೋಡೆಯ ಮೇಲಿಟ್ಟು, ದೂರದಿಂದಲೇ ಕೂಗಿ ಹೋಗುತ್ತಿದ್ದಳು. ಒಳಗೆ ಕಾಲಿಡಲು ಅವಳಿಗೆ ಹೆದರಿಕೆ.

ಮೊದಲೆರಡು ದಿನ ನಮಗೆ ಹಬ್ಬ. ಮೂರನೆಯ ದಿನ ಅನಾನಸು ತಿಂದು ತಿಂದು ವೀರುವಿನ ನಾಲಿಗೆ ಬಿರಿಯಿತು, ಎಮ್ಮೆ ಹಿಂಡುವವರಿಲ್ಲದೆ ಒದರತೊಡಗಿತು. ಆಗ ಅಜ್ಜಿಯ ಕೀಲಿಗೊಂಚಲನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಣಜದ ಕೋಣೆಯ ಬಾಗಿಲ ಮೇಲೆ ಚಾಕ್‌ಪೀಸಿನಿಂದ ಕಾಯಿದೆ ಬರೆದೆವು. ಎಮ್ಮೆ ಮಲ್ಲುವಿನದು, ನೀರು ವೀರುವಿನದು, ಗೋಡೆಯ ಮೇಲಿನ ರೊಟ್ಟಿ ತರುವುದು ಪವಿಯದು, ಅಡುಗೆ ನನ್ನದು. ಪ್ರತಿ ಕಾಯಿದೆಗೂ ಎಲ್ಲರೂ ಕೈಯೆತ್ತಬೇಕು. ದೊಡ್ಡವರಿದ್ದಾಗ ನಮ್ಮನ್ನು ಯಾರೂ ಏನೂ ಕೇಳಿದ್ದಿಲ್ಲ. ಈಗ ಆರು ವರ್ಷದವಳ ಕೈಗೂ ನನ್ನ ಕೈಯಷ್ಟೇ ಬೆಲೆ. ಅದರ ಬಗ್ಗೆ ನನಗೆಷ್ಟು ಜಂಬವಿತ್ತೆಂದು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಸಂಜೆ ಆಸ್ಪತ್ರೆಯಿಂದ ಫೋನು ಬರುತ್ತಿತ್ತು. ನೆಟ್‌ವರ್ಕ್ ಸಿಗುವುದು ಪಡಸಾಲೆಯ ಒಂದೇ ಕಿಟಕಿಯಲ್ಲಾದ್ದರಿಂದ ಫೋನನ್ನು ಅಲ್ಲೇ ಸರಳಿಗೆ ಕಟ್ಟಿದ್ದೆವು. ಪವಿ ಅತ್ತರೆ ಆ ಕಡೆ ಅವ್ವನೂ ಅಳುತ್ತಿದ್ದಳು, ಅತ್ತರೆ ಕೆಮ್ಮು ಹೆಚ್ಚುತ್ತಿತ್ತು. ಅದಕ್ಕೇ ನಾನು ಇನ್ನೊಂದು ಕಾಯಿದೆ ತಂದೆ. ಫೋನಿನಲ್ಲಿ ‘ಆರಾಮ ಅದೀವಿ’ ಎಂದಷ್ಟೇ ಹೇಳಬೇಕು. ಅತ್ತವರಿಗೆ ಮರುದಿನ ಫೋನಿಲ್ಲ. ನಾಲ್ಕೂ ಕೈ ಎದ್ದವು. ಪವಿಯದೂ ಎದ್ದಿತು.

ಒಂಬತ್ತನೆಯ ದಿನ ಪವಿ ಫೋನಿನಲ್ಲಿ ಅತ್ತಳು. ಮರುದಿನ, ಅಷ್ಟು ದಿನ ಮಾತಾಡಲು ಉಸಿರು ಸಾಲದಿದ್ದ ಅಜ್ಜಿ ತಾನೇ ಫೋನಿಗೆ ಬಂದಳು. ಪವಿ ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲು ಬಿಟ್ಟು ಮಲಗಿದವಳಲ್ಲ.

“ಸಣ್ಣಾಕಿಗೆ ಕೊಡವ್ವ,” ಎಂದಳು ಅಜ್ಜಿ.

ಪವಿ ನನ್ನ ವೇಲಿನ ತುದಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಕೊಟ್ಟುಬಿಡು ಎಂದು ಮಲ್ಲು ಕೈಸನ್ನೆ ಮಾಡಿದ. ಒಮ್ಮೆ ಕಾಯಿದೆ ಮುರಿದರೆ ನಾಳೆಯಿಂದ ಯಾರೂ ನನ್ನ ಮಾತು ಕೇಳುವುದಿಲ್ಲ ಎಂಬ ಹೆದರಿಕೆ ನನಗೆ.

“ಆಕಿ ಮಲಕೊಂಡಾಳಜ್ಜಿ. ನಾಳೆ ಮಾತಾಡ್ತಾಳ,” ಎಂದೆ.

ಪವಿ, ಅತ್ತರೆ ನಾಳೆಯ ಫೋನೂ ಹೋಗುತ್ತದೆಂದು ವೇಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಅಜ್ಜಿ ತೀರಿಕೊಂಡಳು.

ಆ ಮನೆ ಈಗಿಲ್ಲ. ಅದನ್ನು ಕೆಡವಿ ಅಪ್ಪ, ಕಾಕಾ ಬೇರೆ ಬೇರೆ ಕಟ್ಟಿಸಿಕೊಂಡರು. ಕಾಯಿದೆ ಬರೆದ ಬಾಗಿಲು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ನೆಂಟರು ಮಾತ್ರ ಮದುವೆ ಮುಂಜಿಯಲ್ಲಿ ಸಿಕ್ಕಾಗಲೆಲ್ಲ, ಅಷ್ಟು ಸಣ್ಣ ಹುಡುಗಿ ಮನೆ ನಡೆಸಿದಳು ಎಂದು ನನ್ನನ್ನು ಹೊಗಳುತ್ತಾರೆ. ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಅವ್ವನಿಗೆ ನಿಜ ಹೇಳಿದೆ, ಬೈಯಲಿ ಎಂದು. ಸಣ್ಣವರಿದ್ದಿರಿ ಬಿಡು ಎಂದು ಅವಳು ಅಕ್ಕಿ ಆರಿಸತೊಡಗಿದಳು. ಮಲ್ಲು, ವೀರು ಆ ಮಾತೆತ್ತುವುದಿಲ್ಲ. ನಾನೀಗ ಶಿರಸಿಯಲ್ಲಿ ಓದುತ್ತಿದ್ದೇನೆ. ಹೋದ ವಾರ ಪವಿ ಜ್ವರದಲ್ಲಿ ನರಳುತ್ತಿದ್ದಾಳೆಂದು ಅವ್ವ ಫೋನಿನಲ್ಲಿ ಹೇಳಿದಾಗ ಅದನ್ನು ಪವಿಯ ಕೈಗೇ ಕೊಡಿಸಿದೆ. ಏನಾಗಿದೆ, ಎಲ್ಲಿ ನೋವು ಎಂದು ಕೇಳಿದೆ. ಆ ಕಡೆ ಮೂಗೆಳೆದುಕೊಂಡ ಸದ್ದು ಕೇಳಿತು.

“ಆರಾಮ ಅದೀವಿ ಅಕ್ಕ,” ಎಂದಳು.