ಇಪ್ಪತ್ತನಾಲ್ಕು ನಂಬರು, ಒಂದು ಸಹಿ

ಸರೋಜಕ್ಕನಿಗೆ ಬೇಕಾಗಿದ್ದು ಒಂದೇ ಒಂದು ಸಹಿ. ಕೊಪ್ಪದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದ ಅವರು ಶುಕ್ರವಾರ ರಿಟೈರ್ ಆಗಬೇಕು. ಅಷ್ಟರೊಳಗೆ ಆಫೀಸ್ ಸೂಪರಿಂಟೆಂಡೆಂಟ್ ಮಹೇಶ್ವರ 'ನೋ ಡ್ಯೂ' ಕಾಗದಕ್ಕೆ ಸಹಿ ಹಾಕದಿದ್ದರೆ ಪಿಂಚಣಿ ಫೈಲು ಮೇಜು ಬಿಟ್ಟು ಅಲ್ಲಾಡುವುದಿಲ್ಲ. ಮಹೇಶ್ವರ ಸಹಿ ಹಾಕಬೇಕಾದರೆ ಲ್ಯಾಬಿನ ಇಪ್ಪತ್ತನಾಲ್ಕು ಕಂಪ್ಯೂಟರಿನ ಸೀರಿಯಲ್ ನಂಬರೂ ಸ್ಟಾಕ್ ಪುಸ್ತಕದ ನಂಬರಿಗೆ ಒಂದೊಂದಾಗಿ ತಾಳೆಯಾಗಬೇಕು.

ಇದೇನು ಮಹಾ, ಡಬ್ಬದ ಮೇಲಿನ ಚೀಟಿ ಓದಿದರಾಯಿತು ಅನ್ನಬಹುದು. ಚೀಟಿ ಇತ್ತು. ಅದರ ಮೇಲೆ ವರ್ಷವರ್ಷವೂ ಆಯುಧಪೂಜೆಯ ದಿನ ಸ್ವತಃ ಸರೋಜಕ್ಕನೇ ಇಟ್ಟ ಗಂಧವಿತ್ತು, ಗಂಧದ ಮೇಲೆ ಕುಂಕುಮವಿತ್ತು. ಕಪ್ಪು ಡಬ್ಬದಲ್ಲಿ ಬೆಳ್ಳಗಿರುವ ಜಾಗ ಅದೊಂದೇ, ಅಲ್ಲಿಟ್ಟರೆ ಎಷ್ಟು ಚಂದ ಕಾಣುತ್ತದೆ! ಸೋಮವಾರ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದರು. ಕುಂಕುಮದ ಜೊತೆಗೆ ನಂಬರೂ ಅಳಿಸಿ ಬಟ್ಟೆಗೆ ಬಂತು.

"ಅಕ್ಕ, ಬೇರೆ ಎಲ್ಲಾದ್ರೂ ಇಡಕ್ಕಾಗ್ತಿರ್ಲಿಲ್ವ?" ಎಂದು ಲ್ಯಾಬಿನ ಮೇಡಂ ನಯನ ತಲೆ ಮೇಲೆ ಕೈಹೊತ್ತಳು.

"ಹಣೆ ಬಿಟ್ಟು ಮೊಣಕೈಗೆ ಯಾರಾದ್ರೂ ಕುಂಕುಮ ಇಡ್ತಾರ ಮೇಡಂ?"

"ಇರ್ಲಿ ಬಿಡಿ. ನಂಬರು ಒಳಗೂ ಇರುತ್ತೆ. ಕಂಪ್ಯೂಟರನ್ನೇ ಕೇಳಣ."

ಸರೋಜಕ್ಕನಿಗೆ ರೇಗಿತು. ದಿನಾ ಜಯಪುರದಿಂದ ಬಸ್ಸು ಹತ್ತಿ ಬಂದು ಒಂಬತ್ತಕ್ಕೆ ಬಾಗಿಲು ತೆಗೆದವರು ಯಾರು? ಥಂಡಿ ಹಿಡಿಯಬಾರದೆಂದು ರಜೆಯಲ್ಲೂ ಬಂದು ಪ್ರತಿಯೊಂದನ್ನೂ ಅರ್ಧ ಗಂಟೆ ಆನ್ ಮಾಡಿಟ್ಟವರು ಯಾರು? ಒಂಬತ್ತನೆಯದಕ್ಕೆ ಸ್ವಿಚ್ ಒತ್ತಿ ಪಕ್ಕೆಗೊಂದು ತಟ್ಟಬೇಕು ಅನ್ನುವುದು ಪ್ರಿನ್ಸಿಪಾಲರಿಗೆ ಗೊತ್ತೇ? "ಇಷ್ಟು ವರ್ಷ ನೋಡ್ಕಂಡಿದ್ದು ಸಾಲ್ದು, ಈಗ ಅವೇ ಬಂದು ನನ್ ಪರ ಸಾಕ್ಷಿ ಹೇಳ್ಬೇಕು!"

ನಯನ ಕಂಪ್ಯೂಟರಿಗೆ ಏಳು ಸಾಲಿನ ಆದೇಶ, ಅಂದರೆ ಒಂದು ಸ್ಕ್ರಿಪ್ಟ್, ಬರೆದು ಪೆನ್‌ಡ್ರೈವಿಗೆ ಹಾಕಿದಳು. ಚುಚ್ಚಿ ಓಡಿಸಿದರೆ ನೀಲಿ ಕಿಟಕಿಯೊಂದು ತೆರೆದು, ಕಂಪ್ಯೂಟರು ತನ್ನ ನಂಬರನ್ನು ತನ್ನದೇ ಹೆಸರಿನ ಫೈಲಿನಲ್ಲಿ ಬರೆದಿಡುತ್ತಿತ್ತು. ಮಂಗಳವಾರವಿಡೀ ಇಬ್ಬರೂ ಮೇಜಿನಿಂದ ಮೇಜಿಗೆ ಹೋದರು. ನಡುವೆ ಎರಡು ಸಲ ಕರೆಂಟು ಹೋಯಿತು. ಸಂಜೆ ಪೆನ್‌ಡ್ರೈವ್ ತೆರೆದರೆ ಒಳಗಿದ್ದದ್ದು ಒಂದೇ ಫೈಲು! ಹಿಂದೆ ಯಾರೋ ಒಂದು ಕಂಪ್ಯೂಟರನ್ನು ಸಿದ್ಧ ಮಾಡಿ ಅದನ್ನೇ ಉಳಿದವಕ್ಕೆಲ್ಲ ನಕಲು ಮಾಡಿದ್ದರಿಂದ ಅಷ್ಟಕ್ಕೂ ಒಂದೇ ಹೆಸರು. ಪ್ರತಿಯೊಂದೂ ಹಿಂದಿನದನ್ನು ಅಳಿಸಿ ತನ್ನದನ್ನು ಬರೆದಿತ್ತು.

"ಇಪ್ಪತ್ನಾಲ್ಕು ಮಕ್ಳಿಗೂ ರಾಜೇಶ ಅಂತ ಹೆಸ್ರಿಟ್ಟಂಗಾಯ್ತಲ್ಲ ಮಾರಾಯ್ರೆ!" ಎಂದು ಸರೋಜಕ್ಕ ಸ್ಟೂಲಿನ ಮೇಲೆ ಕುಸಿದರು.

ಬುಧವಾರ ಮತ್ತೊಂದು ಸುತ್ತು. ಈ ಸಲ ನಂಬರುಗಳು ಒಂದರ ಕೆಳಗೊಂದು ಸೇರುವ ಹಾಗೆ ನಯನ ತಿದ್ದಿದ್ದಳು. ಹದಿನೆಂಟು ಸರಿಯಾಗಿ ತಾಳೆಯಾದವು. ಅಂಗಡಿಯಲ್ಲಿ ಬಿಡಿಭಾಗ ಸೇರಿಸಿ ಕಟ್ಟಿಸಿದ ಉಳಿದ ಆರು ಮಾತ್ರ, ನಂಬರಿನ ಜಾಗದಲ್ಲಿ 'ಟು ಬಿ ಫಿಲ್ಡ್ ಬೈ ಓಇಎಮ್' ಎಂದವು. ತಯಾರು ಮಾಡಿದವರು ತುಂಬಬೇಕಿದ್ದ ಜಾಗ, ತುಂಬಿರಲಿಲ್ಲ.

ಗುರುವಾರ ಮಹೇಶ್ವರ ಆ ಪಟ್ಟಿಯನ್ನು ಕನ್ನಡಕದ ಮೇಲಿಂದಲೂ ಕೆಳಗಿಂದಲೂ ನೋಡಿದರು. "ಅವ್ರು ತುಂಬ್ಬೇಕು ಅಂತಿದೆಯಲ್ಲ ಸರೋಜಮ್ಮ. ತುಂಬಿಸ್ಕಂಡು ಬನ್ನಿ."

"ಎಲ್ಲಿಂದ ಸಾರ್? ಆ ಅಂಗಡಿ ಮುಚ್ಚಿ ಎಂಟು ವರ್ಷ ಆಯ್ತು!"

"ಅದು ನಂಗೆ ಸಂಬಂಧ ಇಲ್ಲ."

ಹೊರಗೆ ಬಂದ ಸರೋಜಕ್ಕನಿಗೆ ಅಳು ಬರಲಿಲ್ಲ, ಯಾರಿಗಾದರೂ ಬಾರಿಸಬೇಕೆನಿಸಿತು. ಅಷ್ಟರಲ್ಲಿ ನಯನ ಆ ಅಂಗಡಿಯ ಹಳೆಯ ಬಿಲ್ಲು ಹುಡುಕಿ ತಂದಳು. ಆ ಆರಕ್ಕೆ ಪುಸ್ತಕದಲ್ಲಿ ಬರೆದಿದ್ದದ್ದು ಒಳಗಿನ ಮದರ್‌ಬೋರ್ಡಿನ ನಂಬರು! ಸ್ಕ್ರಿಪ್ಟಿಗೆ ಇನ್ನೊಂದು ಸಾಲು ಸೇರಿಸಿ ಬೋರ್ಡಿನ ನಂಬರನ್ನೇ ಕೇಳಿದಳು. ಐದು ತಾಳೆಯಾದವು. ಹನ್ನೊಂದನೆಯದು ಬೇರೆ ನಂಬರು ಹೇಳಿತು.

"ಇದು ಬದ್ಲಾಗಿದೆ ಅಕ್ಕ. ಸ್ಕ್ರಿಪ್ಟಿಗೆ ಈಗಿರೋದು ಮಾತ್ರ ಗೊತ್ತು, ಮುಂಚೆ ಏನಿತ್ತು ಅಂತ ಗೊತ್ತಾಗಲ್ಲ."

"ನಂಗೊತ್ತು!" ಸರೋಜಕ್ಕ ಎದ್ದೇ ಬಿಟ್ಟರು. "ಮೂರು ವರ್ಷದ ಹಿಂದೆ ಸಿಡ್ಲು ಹೊಡ್ದು ಸುಟ್ಟೋಯ್ತಲ್ಲ ಇದು! ರಿಪೇರಿಯವ್ನು ಹಳೆ ಬೋರ್ಡು ಎಸೀತಿದ್ದ. ಕಾಲೇಜಿನ ಸಾಮಾನು, ನಾಳೆ ನನ್ನ ಕೇಳ್ತಾರೆ ಅಂತ ಇಸ್ಕಂಡಿದ್ದೆ."

ಬೀರುವಿನ ತಳದಿಂದ, ಹಳೆಯ ಪೇಪರಿನಲ್ಲಿ ಸುತ್ತಿದ ಬೋರ್ಡು ಹೊರಬಂತು. ಅದರ ಚೀಟಿಯ ಮೇಲೆ ಪುಸ್ತಕದಲ್ಲಿದ್ದ ನಂಬರೇ ಇತ್ತು, ಒಂದು ಚುಕ್ಕೆ ಕುಂಕುಮವೂ ಇರಲಿಲ್ಲ.

"ಇದಕ್ಯಾಕೆ ಇಟ್ಟಿಲ್ಲ?"

"ಕೆಲ್ಸ ಮಾಡೋದಕ್ಕೆ ಮಾತ್ರ ಪೂಜೆ ಮೇಡಂ. ಕೆಲ್ಸ ಬಿಟ್ಟಿದ್ದಕ್ಕೆ ಯಾಕೆ?"

ಶುಕ್ರವಾರ ನಾಲ್ಕು ಗಂಟೆಗೆ ಮಹೇಶ್ವರ ಬೋರ್ಡಿನ ನಂಬರನ್ನು ಎರಡು ಸಲ ಗಟ್ಟಿಯಾಗಿ ಓದಿ, ಪುಸ್ತಕದಲ್ಲಿ ಕೊನೆಯ ಟಿಕ್ ಹಾಕಿ, ಪೆನ್ನು ಕೊಡವಿ, ಸಹಿ ಹಾಕಿದರು. ಶಾಯಿ ಆರುವ ಮುಂಚೆ ಸರೋಜಕ್ಕ ಕಾಗದ ಎಳೆದುಕೊಂಡು ಬ್ಯಾಗಿಗೆ ಸೇರಿಸಿದರು.

"ಅಲ್ಲ ಸರೋಜಮ್ಮ," ಮಹೇಶ್ವರ ಬೋರ್ಡನ್ನು ತಿರುಗಿಸಿ ನೋಡುತ್ತಾ ತಲೆ ಕೆರೆದುಕೊಂಡರು, "ಹಳೇದೂ ಇದೆ, ಹೊಸಾದೂ ಇದೆ. ಹಂಗಾರೆ ಸ್ಟಾಕಲ್ಲಿ ಒಂದು ಜಾಸ್ತಿ ಆಯ್ತಲ್ಲ! ಇದನ್ನ ಎಲ್ಲಿ ಬರೀಲಿ?"

ಸರೋಜಕ್ಕ ಆಗಲೇ ಬಾಗಿಲಲ್ಲಿದ್ದರು.

"ಅದು ನಂಗೆ ಸಂಬಂಧ ಇಲ್ಲ ಸಾರ್. ಜಯಪುರದ ಬಸ್ಸು ಬಂತು."