ಬೆಕ್ಕಿಗಾಗಿ ಅವ್ವ ಮೀನು ತಂದ ಬೇಸಿಗೆ

ನಾಯಿಯೋ ಬೆಕ್ಕೋ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ದೊಡ್ಡವರು ಹೆದರಿಸುತ್ತಿದ್ದ ಕಾಲದಲ್ಲಿ ನೀವೂ ಬೆಳೆದವರಾದರೆ, ಈಗಲೂ ಆ ಮಾತು ಕೇಳಿ ನಿಮ್ಮ ಕೈ ಹೊಟ್ಟೆಯ ಮೇಲೆ ಹೋಗುತ್ತದೆ. ನನ್ನ ಕೈ ಹೋಗುತ್ತದೆ. ಆಗಿನ್ನೂ ಕಗ್ಗದಾಸಪುರ ಅರ್ಧ ಹಳ್ಳಿ, ಅರ್ಧ ಸೈಟು. ಕೆರೆಯ ಕಡೆಯಿಂದ ಗಾಳಿ ಬೀಸಿದರೆ ಜೊಂಡಿನ ವಾಸನೆ, ಈಚೆಯಿಂದ ಬೀಸಿದರೆ ಹಸಿ ಸಿಮೆಂಟಿನ ವಾಸನೆ. ಗೌಂಡಿ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಬಂದ ಅಪ್ಪ ನಮ್ಮನ್ನು ಅಲ್ಲಿನ ಒಂದು ವಠಾರದ ಒಂಟಿ ಕೋಣೆಯಲ್ಲಿ ಇರಿಸಿದ್ದ. ನಾವು ಲಿಂಗ ಕಟ್ಟಿಕೊಂಡವರು. ಮನೆಯಲ್ಲಿ ಮೊಟ್ಟೆಯ ಹೆಸರು ಎತ್ತಿದರೂ ಅವ್ವ ಕಣ್ಣು ಕೆಂಪಗೆ ಮಾಡುವಳು. ಬೆಕ್ಕುಗಳೆಂದರಂತೂ ಅವಳಿಗೆ ಮೈಯೆಲ್ಲ ಉರಿ. ಹಾಲಿಗೆ ಬಾಯಿ ಹಾಕುವ ಪೀಡೆ, ಹೊರಟಾಗ ಅಡ್ಡ ಬರುವ ಪೀಡೆ ಎಂದು ಕಸಬರಿಗೆ ಹಿಡಿದೇ ಅವುಗಳನ್ನು ಮಾತಾಡಿಸುತ್ತಿದ್ದಳು.

ಮೂರನೆಯ ಕ್ಲಾಸು ಮುಗಿದ ಬೇಸಿಗೆ ರಜೆ. ವಠಾರದ ಮುಂದೆ ಕುಂಟೆಬಿಲ್ಲೆ ಆಡುತ್ತಿದ್ದೆವು. ದೊಡ್ಡ ರಸ್ತೆಯ ಕಡೆಯಿಂದ ಒಂದು ಬೂದು ಬೆಕ್ಕು ತೂರಾಡುತ್ತ ಬಂದು, ಅಪ್ಪ ಪೇರಿಸಿಟ್ಟಿದ್ದ ಸೆಂಟ್ರಿಂಗ್ ಹಲಗೆಗಳ ಸಂದಿಗೆ ನುಗ್ಗಿತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಬಾಯಾರಿರಬೇಕೆಂದು ನಾನು ತೆಂಗಿನ ಚಿಪ್ಪಿನಲ್ಲಿ ನೀರು ಹಿಡಿದು ಸಂದಿಗೆ ಕೈ ಹಾಕಿದೆ. ಅದು ಹೆಬ್ಬೆರಳಿನ ಬುಡಕ್ಕೆ ಕಚ್ಚಿತು.

ನನ್ನ ಕೂಗಿಗೆ ವಠಾರವೆಲ್ಲ ಬಂತು. "ಹುಚ್ಚು ಬೆಕ್ಕು ಕಣ್ರೋ, ಜೊಲ್ಲು ನೋಡ್ರೋ, ಹೊಡ್ದಾಕಿ" ಎಂದು ಯಾರೋ ಅಂದರು, ಇನ್ಯಾರೋ ದೊಣ್ಣೆ ತಂದರು. ಅವ್ವನೇ "ಹೊಡೀರಿ, ಹೊಡೀರಿ" ಎನ್ನುತ್ತಿದ್ದಳು. ಆಗ ಪಕ್ಕದ ಕೋಣೆಯ ಸೆಲ್ವಿ ಅಕ್ಕ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು, ಸಂದಿಯಿಂದ ಹೊರಬಿದ್ದ ಬೆಕ್ಕಿನ ಮೇಲೆ ತರಕಾರಿ ಬುಟ್ಟಿ ಕವುಚಿ ಹಾಕಿಬಿಟ್ಟಳು. ಹಲಸೂರಿನಲ್ಲಿ ಹುಟ್ಟಿ ಬೆಳೆದವಳು, ಇಂದಿರಾನಗರದ ಮನೆಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಆ ಮನೆಯ ನಾಯಿಯನ್ನು ಹಲಸೂರಿನ ಪ್ರಾಣಿಗಳ ಡಾಕ್ಟರ ಹತ್ತಿರ ಕರೆದೊಯ್ಯುವುದೂ ಅವಳದೇ ಕೆಲಸ.

"ಕಚ್ಚಿರೋ ಬೆಕ್ಕನ್ನ ಹೊಡೀಬಾರ್ದು ಶರಣಮ್ಮಕ್ಕಾ. ಡಾಕ್ಟ್ರು ಅದನ್ನ ನೋಡ್ಬೇಕು. ಅದು ಸತ್ತೋದ್ರೆ ಮಲ್ಲುಗೆ ಏನಾಗುತ್ತೆ ಅಂತ ಯಾರ್ ಹೇಳ್ತಾರೆ? ಆಟೋ ಕರೀರಿ" ಎಂದು ಅವ್ವನಿಗೆ ಹೇಳಿದಳು. ಮಲ್ಲು ಎಂದರೆ ನಾನು.

ಬುಟ್ಟಿಯ ಕೆಳಗೆ ಹಲಗೆ ಜಾರಿಸಿ, ಬುಟ್ಟಿ ಸಮೇತ ಗೋಣಿಚೀಲಕ್ಕೆ ಇಳಿಸಿ ಬಾಯಿ ಕಟ್ಟಿದಳು. ಅವ್ವ, ನಾನು, ಅವಳು, ಅವಳ ಕಾಲ ಬಳಿ ಗುರುಗುಟ್ಟುವ ಗೋಣಿಚೀಲ, ಎಲ್ಲ ಒಂದೇ ಆಟೋದಲ್ಲಿ ಹಲಸೂರಿಗೆ ಹೋದೆವು.

ಕ್ಲಿನಿಕ್ ಎಂದರೆ ಒಂದು ಅಂಗಡಿಮನೆ ಅಷ್ಟೇ. ಸ್ಪಿರಿಟ್ಟು, ನೆಂದ ನಾಯಿ, ಫಿನಾಯಿಲು ಎಲ್ಲ ಸೇರಿದ ವಾಸನೆ. ಬೆಂಚಿನ ಮೇಲೆ ಮಡಿಲಲ್ಲಿ ನಾಯಿ ಇಟ್ಟುಕೊಂಡ ಹೆಂಗಸರು. ಡಾಕ್ಟರು ನಡುವಯಸ್ಸಿನವರು, ಸ್ವಲ್ಪ ಸಿಡುಕರು. ಬೆಳಿಗ್ಗೆ ಶಟರ್ ಎತ್ತಲು ಬಂದರೆ ಬಾಗಿಲಲ್ಲಿ ರಟ್ಟಿನ ಡಬ್ಬ, ಒಳಗೆ ಬೆಕ್ಕಿನ ಮರಿಗಳು, ಇಟ್ಟವರು ಪತ್ತೆಯಿಲ್ಲ. ಇದು ಅವರಿಗೆ ಮಾಮೂಲಾಗಿತ್ತಂತೆ. ಅದಕ್ಕೇ ಬೀದಿ ಬೆಕ್ಕು ತಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದರು: ಎಲ್ಲಿ ಸಿಕ್ತು, ಅಲ್ಲಿ ಅದಕ್ಕೆ ಯಾರು ಅನ್ನ ಹಾಕ್ತಾರೆ, ಯಾರಿಗಾದ್ರೂ ಕಚ್ಚಿದೆಯಾ.

ಕೊನೆಯ ಪ್ರಶ್ನೆಗೆ ಅವ್ವ, ಸೆಲ್ವಿ ಅಕ್ಕ ಇಬ್ಬರೂ ನನ್ನ ಕಡೆ ನೋಡಿದರು. ಡಾಕ್ಟರು ಗೋಣಿಚೀಲವನ್ನು ಅಲ್ಲೇ ಬಿಟ್ಟು ನನ್ನ ಮಣಿಕಟ್ಟು ಹಿಡಿದು ಹಿತ್ತಲಿನ ನಲ್ಲಿಗೆ ಎಳೆದುಕೊಂಡು ಹೋದರು. ಸೋಪು ಹಚ್ಚಿ, ನೀರು ಬಿಟ್ಟು, ಮತ್ತೆ ಸೋಪು ಹಚ್ಚಿ, ಕೈ ಜೋಮು ಹಿಡಿಯುವ ತನಕ ತೊಳೆದರು. ನಾನು ಅತ್ತೆ. "ಅಳು, ಪರವಾಗಿಲ್ಲ, ಕೈ ಮಾತ್ರ ಎಳ್ಕೋಬೇಡ" ಎಂದರು. ಪ್ರಾಣಿಗಳ ಡಾಕ್ಟರು ಅವತ್ತು ಮೊದಲು ನೋಡಿದ್ದು ನನ್ನನ್ನು.

ಆಮೇಲೆ ದಪ್ಪ ಕೈಗವಸು ಹಾಕಿಕೊಂಡು ಬೆಕ್ಕನ್ನು ಚೀಲದಿಂದಲೇ ನೇರ ಪಂಜರಕ್ಕೆ ಬಿಟ್ಟು, ಟಾರ್ಚ್ ಹಿಡಿದು ತುಂಬಾ ಹೊತ್ತು ನೋಡಿದರು.

"ಕೆಳಗಿನ ದವಡೆ ಮುರಿದಿರೋ ಹಾಗಿದೆ. ಯಾವುದೋ ಗಾಡಿ ತಾಗಿದೆ. ಜೊಲ್ಲು ಅದರಿಂದ್ಲೇ ಇರ್ಬಹುದು. ಆದ್ರೆ ಹುಚ್ಚಿದ್ರೂ ಜೊಲ್ಲು ಬರುತ್ತೆ. ಈಗ್ಲೇ ಹೇಳೋಕಾಗಲ್ಲಮ್ಮ."

"ಮತ್ತ ಯಾವಾಗ ಹೇಳ್ತೀರಿ ಸಾಹೇಬ್ರ?" ಅವ್ವ ಕೇಳಿದಳು.

"ಹತ್ತು ದಿನ ಕಾಯ್ಬೇಕು. ಹುಚ್ಚಿದ್ರೆ ಅಷ್ಟರೊಳಗೆ ಸಾಯುತ್ತೆ. ಚೆನ್ನಾಗಿದ್ರೆ ನಿಮ್ಮ ಮಗಳಿಗೆ ಭಯ ಇಲ್ಲ. ಹಾಗಂತ ಇಂಜೆಕ್ಷನ್ ತಪ್ಪಿಸ್ಬೇಡಿ. ಇವತ್ತೇ ಶಿವಾಜಿನಗರದ ದೊಡ್ಡಾಸ್ಪತ್ರೆಗೆ ಹೋಗಿ ಶುರು ಮಾಡ್ಸಿ. ಬೆಕ್ಕು ಉಳಿದ್ರೆ ಆಮೇಲಿನವು ಬೇಕಾಗಲ್ಲ."

ಆಮೇಲೆ ತಮ್ಮ ನಿಯಮ ಹೇಳಿದರು. ಪಂಜರ ಅವರದು, ಔಷಧಿ ಅವರದು. ತಂದವರು ದಿನಾ ಬಂದು ಊಟ ಕೊಡಬೇಕು, ವಾಸಿಯಾದ ಮೇಲೆ ಎಲ್ಲಿಂದ ತಂದರೋ ಅಲ್ಲಿಗೇ ಕರೆದೊಯ್ದು ಬಿಡಬೇಕು. ಬಿಟ್ಟು ಓಡಿಹೋಗುವ ಹಾಗಿಲ್ಲ.

ಅವ್ವ ಪಂಜರದ ಕಡೆ ನೋಡಿದಳು. ಗಂಟೆಯ ಹಿಂದೆ ಹೊಡೆಯಿರಿ ಎಂದವಳು. "ಅಂದ್ರ ಇದು ಬದುಕಬೇಕೇನ್ರಿ?" ಎಂದಳು.

"ಬದುಕ್ಲೇಬೇಕಮ್ಮ."

ಅಂದಿನಿಂದ ದಿನಾ ಅದೇ ತಿರುಗಾಟ. ಬೆಳಿಗ್ಗೆ ಶಿವಾಜಿನಗರದ ಬಸ್ಸು, ಆಸ್ಪತ್ರೆಯ ಸಾಲು, ಫ್ರಾಕು ಎತ್ತಿ ಹೊಟ್ಟೆಗೆ ಸೂಜಿ. ಅವ್ವ ನನ್ನ ಮುಖವನ್ನು ತನ್ನ ಸೆರಗಿನೊಳಗೆ ಒತ್ತಿ ಹಿಡಿಯುತ್ತಿದ್ದಳು. ಅಲ್ಲಿಂದ ಹಲಸೂರಿಗೆ. ಮೊದಲ ದಿನ ಅವಳು ಬೆಕ್ಕಿಗೆ ಕೊಂಡೊಯ್ದದ್ದು ಏನು ಗೊತ್ತೆ? ಜೋಳದ ಅಂಬಲಿ. ನಮ್ಮ ಕಡೆ ಕಾಯಿಲೆ ಬಿದ್ದವರಿಗೆಲ್ಲ ಅದೇ ತಾನೆ. ಬೆಕ್ಕು ಮೂಸಿಯೂ ನೋಡಲಿಲ್ಲ. ಮರುದಿನ ಅಂಬಲಿಗೆ ಹಾಲು ಬೆರೆಸಿದಳು, ಅದಕ್ಕೂ ಮುಖ ತಿರುಗಿಸಿ ಮೂಲೆಯಲ್ಲಿ ಮುದುಡಿಕೊಂಡಿತು.

ಡಾಕ್ಟರು ಪಂಜರದ ಹೊರಗಿನಿಂದಲೇ ನೋವಿನ ಇಂಜೆಕ್ಷನ್ ಕೊಟ್ಟು, "ಹೀಗೇ ಉಪವಾಸ ಬಿದ್ದು ಸತ್ರೆ, ಹಸಿವಿಂದ ಸತ್ತಿತೋ ಹುಚ್ಚಿಂದ ಸತ್ತಿತೋ ಅನ್ನೋ ದಿಗಿಲು ನಿಮಗೆ ಉಳ್ಕೊಳ್ಳುತ್ತೆ. ಮೀನು ಬೇಯಿಸಿ, ಮುಳ್ಳು ತೆಗೆದು, ಗಂಜಿ ತರ ಮಾಡಿ ತನ್ನಿ. ವಾಸನೆಗಾದ್ರೂ ನೆಕ್ಕುತ್ತೆ" ಎಂದರು.

ಸಂಜೆ ಸೆಲ್ವಿ ಅಕ್ಕನಿಗೆ ವಿಷಯ ತಿಳಿದು, "ನೀವ್ ಯಾಕೆ ಮುಟ್ತೀರಕ್ಕ, ನಾನ್ ಮಾಡ್ಕೊಡ್ತೀನಿ ಬಿಡಿ" ಎಂದಳು.

"ಬ್ಯಾಡವ್ವಾ. ನೀ ಹೊತ್ತು ಮೂಡೂದರಾಗ ಕೆಲಸಕ್ಕ ಹೋಗಾಕಿ. ನನ್ನ ಮಗಳ ಸಲುವಾಗಿ ಮಾಡೂದು, ನಾನೇ ಮಾಡ್ತೀನಿ. ಹ್ಯಾಂಗ ಮಾಡೂದಂತ ಅಷ್ಟು ಹೇಳಿಕೊಡು."

ಮರುದಿನ ಇಂಜೆಕ್ಷನ್ ಮುಗಿಸಿ ಅವ್ವ ನನ್ನ ಕೈ ಹಿಡಿದು ರಸೆಲ್ ಮಾರುಕಟ್ಟೆಗೆ ನಡೆದಳು. ಹೂವಿನ ಸಾಲು, ಹಣ್ಣಿನ ಸಾಲು ದಾಟಿ ಮೀನಿನ ಕಡೆ ಬರುತ್ತಿದ್ದಂತೆ ಸೆರಗಿನಿಂದ ಮೂಗು ಮುಚ್ಚಿದಳು. ನೆಲವೆಲ್ಲ ಒದ್ದೆ, ಐಸು, ಕಾಗೆಗಳು. ಬಿಳಿ ಗಡ್ಡದ ಸಾಬರೊಬ್ಬರು "ಯಾವ್ದು ಬೇಕಮ್ಮಾ?" ಎಂದರು.

"ಬೆಕ್ಕು ತಿನ್ನೂದು ಕೊಡ್ರಿ."

"ಬೆಕ್ಕು ಎಲ್ಲಾನೂ ತಿಂತದೆ ಅಮ್ಮಾ" ಎಂದು ಅವರು ನಕ್ಕರು. ಸೆರಗು ಸರಿಸಿ ಅವ್ವ ಎಲ್ಲ ಹೇಳಿದಳು. ಮಗಳು, ಸೂಜಿ, ದವಡೆ, ಹತ್ತು ದಿನ. ಅವರು ನಗು ನಿಲ್ಲಿಸಿ, ಚಿಕ್ಕ ಮೀನುಗಳನ್ನು ಆರಿಸಿ, ತಲೆ ಕರುಳು ತೆಗೆದು, ಎಲೆಯಲ್ಲಿ ಕಟ್ಟಿಕೊಟ್ಟರು. ಆಮೇಲೆ ದಿನಾ ನಾವು ಹೋಗುವುದರೊಳಗೆ ಎಲೆಯ ಪೊಟ್ಟಣ ಸಿದ್ಧವಿರುತ್ತಿತ್ತು. "ಬಿಲ್ಲಿ ಹೆಂಗಿದೆ ಅಮ್ಮಾ?" ಎಂದು ಬೆಕ್ಕಿನ ಸುದ್ದಿ ಕೇಳಿಯೇ ಕೊಡುವರು.

ಮನೆಗೆ ತಂದು, ವಠಾರದ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಮೂರು ಇಟ್ಟಿಗೆ ಹೂಡಿ, ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿದಳು. "ಶಿವಾ, ಒಂದೀಟು ಹೊತ್ತು ಆ ಕಡಿ ನೋಡಪ್ಪಾ" ಎಂದು ಕತ್ತಿನ ಲಿಂಗವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬೆರಳಿನಿಂದ ಒಂದೊಂದೇ ಮುಳ್ಳು ಆರಿಸಿದಳು. ಅವಳಿಗೆ ವಾಂತಿ ಉಮ್ಮಳಿಸಿ ಬರುತ್ತಿತ್ತು, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು ಮತ್ತೆ ಕೂರುವಳು. ಆಮೇಲೆ ಇನ್ನೊಂದು ಸ್ನಾನ, ಮತ್ತೆ ಹಲಸೂರಿನ ಬಸ್ಸು.

ಡಾಕ್ಟರು ಉದ್ದ ಇಕ್ಕಳದಿಂದ ತಟ್ಟೆಯನ್ನು ಪಂಜರದೊಳಗೆ ತಳ್ಳಿದರು. ಬೆಕ್ಕು ಅಲುಗಲಿಲ್ಲ. ಅವ್ವ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ನನಗೆ ಜ್ವರ ಬಂದಾಗ ಆಡುವ ದನಿಯಲ್ಲಿ, "ತಿನ್ನವ್ವಾ. ಒಂದು ತುತ್ತು ತಿನ್ನು. ನಿನ್ನ ಕಾಲಿಗಿ ಬೀಳ್ತೀನಿ" ಎಂದಳು. ಬೆಕ್ಕು ಎದ್ದು ಬಂದು, ಸೊಟ್ಟ ಬಾಯಿಯಿಂದ ಅರ್ಧ ಚೆಲ್ಲುತ್ತ ಅರ್ಧ ನುಂಗುತ್ತ ನೆಕ್ಕತೊಡಗಿತು. ಅವ್ವ ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟಳು.

ಅಲ್ಲಿಂದ ವಠಾರಕ್ಕೆ ವಠಾರವೇ ಬೆಕ್ಕಿನ ಯೋಗಕ್ಷೇಮಕ್ಕೆ ನಿಂತಿತು. ಸಂಜೆ ನಾವು ಬಸ್ಸಿಳಿದು ಬಂದರೆ, "ಬೆಕ್ಕು ಹೇಗಿದೆ? ತಿಂತಾ?" ಎಂಬ ಪ್ರಶ್ನೆ. ದೊಣ್ಣೆ ತಂದವರೂ ಕೇಳುತ್ತಿದ್ದರು. ಹೊಟ್ಟೆ ಊದಿಸಿಕೊಂಡ ನನ್ನನ್ನು ಕೇಳುವವರು ಯಾರೂ ಇಲ್ಲ ಎಂದು ನನಗೆ ಸಿಟ್ಟು. ಅಪ್ಪನಿಗೂ ಹೊಟ್ಟೆಕಿಚ್ಚೇ. "ಇಷ್ಟು ವರ್ಷ ಸಂಸಾರ ಮಾಡೀನಿ, ನನಗೆಂದೂ ಹಿಂಗ ಒಲಿಸಿ ಉಣ್ಣಾಕ ಹಾಕಿಲ್ಲ ನೋಡು ನಿಮ್ಮವ್ವ" ಎಂದು ರೊಟ್ಟಿ ಮುರಿಯುತ್ತ ನನ್ನ ಬಳಿ ದೂರು ಹೇಳುವನು. ನಗಿಸಲು ಹಾಗೆನ್ನುತ್ತಿದ್ದ. ರೊಟ್ಟಿ ಅವನಿಗೂ ಇಳಿಯುತ್ತಿರಲಿಲ್ಲ.

ಹತ್ತನೆಯ ದಿನ ಅಪ್ಪನೂ ಕೆಲಸ ಬಿಟ್ಟು ಬಂದ. ಕ್ಲಿನಿಕ್ಕಿನ ಬಾಗಿಲಲ್ಲಿ ಯಾರೂ ಮೊದಲು ಒಳಗೆ ಹೋಗಲು ತಯಾರಿಲ್ಲ. ಕೊನೆಗೆ ಒಳಗಿಂದ ಬೆಕ್ಕೇ ಕೂಗಿತು. ಮೀನಿನ ವಾಸನೆ ಬಂದಿರಬೇಕು. ಡಾಕ್ಟರು ಎಂದಿನಂತೆ ಟಾರ್ಚ್ ಹಿಡಿದು ನೋಡಿದರು, ನಡೆಸಿ ನೋಡಿದರು. "ಸಾಕಮ್ಮ. ಇದಕ್ಕೆ ಹುಚ್ಚಿಲ್ಲ. ನಿಮ್ಮ ಮಗಳೂ ಚೆನ್ನಾಗಿರ್ತಾಳೆ. ಆಸ್ಪತ್ರೆಯಲ್ಲಿ ಹೇಳಿ ಇಂಜೆಕ್ಷನ್ ನಿಲ್ಲಿಸಿ. ನಾಳೆ ಇದರ ದವಡೆಗೆ ತಂತಿ ಹಾಕ್ತೀನಿ" ಎಂದರು. ಅವ್ವ ಕೈಮುಗಿದಳು. ಡಾಕ್ಟರು ಅದೇ ಸಿಡುಕಿನಲ್ಲಿ "ನನಗ್ಯಾಕಮ್ಮ, ಅದಕ್ಕೆ ಮುಗೀರಿ" ಎಂದರು. ಅವ್ವ ನಿಜವಾಗಿಯೂ ಪಂಜರದ ಕಡೆ ತಿರುಗಿ ಮುಗಿದಳು.

ಈಗ ಇಂಜೆಕ್ಷನ್ ತೋಳಿಗೆ, ಅದೂ ಕೆಲವೇ. ಆ ಹಳೆಯ ಸೂಜಿ ಹೋದದ್ದಕ್ಕೆ ನನ್ನ ಹೊಟ್ಟೆ ಇವತ್ತಿಗೂ ಹರಸುತ್ತದೆ. ಕ್ಲಿನಿಕ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ನಾನಿರುವ ಮಹದೇವಪುರದ ಅಪಾರ್ಟ್‌ಮೆಂಟಿನಲ್ಲಿ ಬೆಕ್ಕಿಗೆ ಪೆಟ್ಟಾದರೆ ಗ್ರೂಪಿನಲ್ಲಿ ಫೋಟೊ ಬರುತ್ತದೆ, ಒಂದಿಷ್ಟು ಕೈಮುಗಿದ ಚಿತ್ರಗಳು ಬರುತ್ತವೆ, ವ್ಯಾನು ಬಂದು ಒಯ್ಯುತ್ತದೆ. ಒಳ್ಳೆಯ ಜನ, ತಪ್ಪು ಹೇಳಲಾರೆ. ಆದರೆ ಅದರ ಜೊತೆ ವ್ಯಾನು ಹತ್ತುವವರಿಲ್ಲ, ನಾನೂ ಹತ್ತಿಲ್ಲ. ಅವ್ವ ತೀರಿಕೊಂಡು ಮೂರು ವರ್ಷವಾಯಿತು. ಕಳೆದುಹೋದದ್ದು ಎಷ್ಟು ಎಂದು ಲೆಕ್ಕ ಹಾಕಲು ಕೂತರೆ, ನನಗೆ ನೆನಪಾಗುವುದು ಇಂಜೆಕ್ಷನ್ ನಿಂತ ಮರುದಿನದ ಬೆಳಗು.

ಅಂದು ಆಸ್ಪತ್ರೆಗೆ ಹೋಗುವುದಿರಲಿಲ್ಲ. ನಾನು ಕೌದಿಯೊಳಗೆ ಹಾಯಾಗಿ ಬಿದ್ದಿದ್ದೆ. ಕಣ್ಣು ಬಿಟ್ಟರೆ ಅವ್ವ ತಲೆ ಬಾಚಿಕೊಂಡು, ಮೀನಿನ ಚೀಲ ಹಿಡಿದು ಹೊಸಲಿನಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಳೆ. ಕೆಲಸಕ್ಕೆ ಹೊರಟಿದ್ದ ಸೆಲ್ವಿ ಅಕ್ಕ ನಿಂತು, "ಏನಕ್ಕಾ, ಮಲ್ಲು ಉಷಾರಾದ್ಲಲ್ಲ, ಇನ್ನೇನು ನಿಮಗೆ ಮೀನಿನ ಸಹವಾಸ? ಇವತ್ತಿಂದ ನಾನ್ ಕೊಡ್ತೀನಿ ಬಿಡಿ" ಎಂದಳು.

"ಇಷ್ಟು ದಿನ ನನ್ನ ಮಗಳ ಸಲುವಾಗಿ ಅದನ್ನ ಬದುಕಿಸೇನಿ" ಎಂದಳು ಅವ್ವ. "ಇನ್ನ ಅದರ ಸಲುವಾಗಿ ಬದುಕಿಸಬೇಕಲ್ಲವಾ."

ಹಾಗೆಂದು ಬಸ್ಸಿಗೆ ಹೊತ್ತಾಯಿತೆಂದು ಬಿರಬಿರನೆ ನಡೆದುಬಿಟ್ಟಳು.