ಜೋರಾಗಿ ಯೋಳತ್ತೆ

ಸೋದರತ್ತೆಯ ಮೇಲೆ ನಾನು ಹನ್ನೆರಡು ವರ್ಷ ಹಲ್ಲು ಮಸೆದಿದ್ದೇನೆ. ಅಪ್ಪನ ಅಕ್ಕ ಅವಳು, ಗುಂಡ್ಲುಪೇಟೆಯಲ್ಲಿದ್ದಳು. ಅಪ್ಪನ ಒಂದು ಕಣ್ಣು ಹೋದದ್ದು ಅವಳ ದೆಸೆಯಿಂದ.

ನಮ್ಮ ವಂಶದಲ್ಲಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪದರ ವಯಸ್ಸಾಗುತ್ತ ಸೋಲುತ್ತದೆ. ಬೆಳಗ್ಗೆ ಎದ್ದರೆ ಎಲ್ಲ ಮಂಜು, ಹೊತ್ತೇರಿದ ಮೇಲೆ ತಿಳಿ. ಅಜ್ಜಿಗಿತ್ತು, ಅಪ್ಪನಿಗೂ ಬಂತು. ಅಪ್ಪನ ಪೊರೆ ಆಪರೇಷನ್ನಿಗೆ ದಿನ ಗೊತ್ತಾದಾಗ ಅತ್ತೆ ನಮ್ಮೂರು ಕುದೇರಿಗೆ ಓಡಿಬಂದಳು.

‘ಮನೆತನದ ಕಾಯ್ಲೆ ಅಂತ ಡಾಕ್ಟ್ರ ಮುಂದೆ ಬಾಯ್ ಬುಟ್ಟೀಯ ಕಣಪ್ಪ! ನನ್ ಮಗಳ ಮದ್ವೆ ಕುದುರ್ತಾ ಐತೆ.’

ಅಪ್ಪ ಅಕ್ಕನ ಮಾತು ಮೀರಿದವನಲ್ಲ. ಡಾಕ್ಟರು ಕೇಳಿದರೂ ತುಟಿ ಬಿಚ್ಚಲಿಲ್ಲ. ಪೊರೆ ಹೋಯಿತು, ಆದರೆ ಮೊದಲೇ ಸೋತಿದ್ದ ಪದರ ಊದಿಕೊಂಡು ಬೆಳ್ಳಗಾಯಿತು. ಆ ಕಣ್ಣು ಮತ್ತೆ ತಿಳಿಯಾಗಲಿಲ್ಲ. ಮದುವೆಯಲ್ಲಿ ಅತ್ತೆ ರೇಷ್ಮೆ ಸೀರೆ ಉಟ್ಟು ಓಡಾಡಿದಳು. ಅಪ್ಪ ನನ್ನ ಕೈ ಹಿಡಿದುಕೊಂಡು ಪಂಕ್ತಿಗೆ ಬಂದ.

ಹೋದ ವರ್ಷ ಅತ್ತೆಗೇ ಪೊರೆ ಬಂತು. ಚಾಮರಾಜನಗರದ ಆಸ್ಪತ್ರೆಗೆ ಹತ್ತಿರ ಅಂತ ನಮ್ಮ ಮನೆಯಲ್ಲೇ ಬಂದು ಇಳಿದಳು. ಮುಖಕ್ಕೆ ನಾಚಿಕೆ ಬೇಡವಾ! ಆಸ್ಪತ್ರೆಗೆ ಹೊರಟ ದಿನ ಬೆಳಗ್ಗೆ ಅವಳ ಕಾಫಿಗೆ ಸಕ್ಕರೆಯ ಬದಲು ಉಪ್ಪು ಬಿತ್ತು. ಬೇಕಂತಲೇ ಹಾಕಿದೆ ಅಂದುಕೊಂಡಳೋ ಏನೋ, ನನ್ನ ಮುಖವನ್ನೇ ನೋಡುತ್ತ ಕುಡಿದಳು.

ಡಾಕ್ಟರು ಅವಳ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ‘ಮನೆಯಲ್ಲಿ ಯಾರಿಗಾದರೂ ಈ ಮೇಲ್ಪದರದ ತೊಂದರೆ ಇತ್ತಾ?’

‘ಯಾರ್ಗೂ ಇಲ್ಲ ಸ್ವಾಮಿ.’

ಸುಮ್ಮನಿದ್ದುಬಿಡುವ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಅವಳಿಗೂ ಅಪ್ಪನ ಗತಿಯೇ ಆಗಲಿ. ಆದರೆ ಅಷ್ಟಕ್ಕೆ ನನ್ನ ಹೊಟ್ಟೆ ತಣ್ಣಗಾಗುತ್ತಿರಲಿಲ್ಲ. ಅವಳ ಬಾಯಿಂದಲೇ ಬರಬೇಕಿತ್ತು.

‘ನಮ್ಮಪ್ಪನ ಕಣ್ಣು ಯಾಕೆ ಓಯ್ತು, ಯೋಳತ್ತೆ,’ ಅಂದೆ.

ಅವಳು ಸೆರಗು ಹಿಂಡುತ್ತ ಏನೋ ಗೊಣಗಿದಳು.

‘ಡಾಕ್ಟ್ರಿಗೆ ಕೇಳಿಸ್ನಿಲ್ಲ. ಜೋರಾಗಿ ಯೋಳತ್ತೆ!’

ಹೇಳಿದಳು. ಅಜ್ಜಿಯ ಕಣ್ಣು, ಅಪ್ಪನ ಕಣ್ಣು, ತಾನೇ ಅವನ ಬಾಯಿ ಮುಚ್ಚಿಸಿದ್ದು, ಎಲ್ಲ. ಬಾಗಿಲಲ್ಲಿ ಸಾಲಾಗಿ ಕೂತಿದ್ದವರು ಕತ್ತು ಚಾಚಿ ಕೇಳಿದರು. ಆಹಾ, ಅವತ್ತಿನ ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಡಾಕ್ಟರು ಎಲ್ಲ ಬರೆದುಕೊಂಡರು. ‘ಒಳ್ಳೆಯದಾಯಿತು ಹೇಳಿದ್ದು. ಆ ಪದರಕ್ಕೆ ಪೆಟ್ಟಾಗದ ಹಾಗೆ ಮಾಡೋಣ,’ ಅಂದರು. ಆಮೇಲೆ ನನ್ನ ಕಡೆ ತಿರುಗಿದರು. ‘ನೀವು ಇವರ ತಮ್ಮನ ಮಗಳಲ್ಲವಾ? ಬೆಳಗ್ಗೆ ಎದ್ದಾಗ ನಿಮಗೂ ಮಂಜಾಗುತ್ತಾ?’

ಎರಡು ವರ್ಷದಿಂದ ಆಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಭಾನುವಾರ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

‘ಇಲ್ಲ ಸಾರ್,’ ಅಂದೆ.

ಅತ್ತೆ ಸೆರಗು ಬಿಟ್ಟು ನೆಟ್ಟಗೆ ಕೂತಳು. ‘ಬೆಳಗ್ಗೆ ಕಾಫಿಗೆ ಏನಾಕ್ದೆ? ಜೋರಾಗಿ ಯೋಳಮ್ಮಿ,’ ಅಂದಳು.